ವಲಸೆ ಹಕ್ಕಿ ಯಾವತ್ತು ಹೊರಟಿತು? ಶಿವರಾತ್ರಿಯಿಂದ ಮೇವರೆಗೆ ಹಕ್ಕಿ ನೋಡುವ ಬಗೆ

ಶಿವರಾತ್ರಿಗೆ ಚಳಿ ‘ಶಿವಶಿವ’ ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ಅದರ ಹಿಂದೆಯೇ ಹಕ್ಕಿಗಳೂ ಹೊರಡುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಿಂದ ನಮ್ಮ ಕೆರೆ, ಗದ್ದೆ, ಮನೆ ಮುಂದಿನ ಹೊಂಗೆ ಮರದಲ್ಲಿ ಬಿಡಾರ ಹೂಡಿದ್ದ ವಲಸೆ ಹಕ್ಕಿಗಳು ಫೆಬ್ರವರಿ ಕೊನೆಯಿಂದ ಮೇ ಮೊದಲ ವಾರದೊಳಗೆ ಒಂದೊಂದಾಗಿ ಉತ್ತರಕ್ಕೆ ತಿರುಗುತ್ತವೆ. ಯುರೋಪಿನವರಿಗೆ ವಸಂತ ಅಂದರೆ ಹಕ್ಕಿಗಳು ಮನೆಗೆ ಬರುವ ಕಾಲ. ಅದೇ ಹೊತ್ತಿಗೆ ನಾವು ಅವುಗಳನ್ನು ಕಳಿಸಿಕೊಡುತ್ತಿರುತ್ತೇವೆ.

ಆದರೆ ಕಳಿಸಿಕೊಡುವುದು ನಮಗೆ ಗೊತ್ತಾಗುವುದೇ ಇಲ್ಲ. ನಾನು ಇರುವುದು ಮೈಸೂರಿನಲ್ಲಿ. ಕೆಲವು ವರ್ಷಗಳ ಹಿಂದೆ ಏಪ್ರಿಲ್‌ನಲ್ಲಿ ಮಹಡಿ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಚಳಿಗಾಲವಿಡೀ ಪಕ್ಕದ ಹೊಂಗೆ ಮರದಿಂದ ‘ಚಿಸ್ವೀ, ಚಿಸ್ವೀ’ ಅಂತ ಕೇಳಿಸುತ್ತಿದ್ದ ಸಣ್ಣ ಕೂಗು ನಿಂತುಹೋಗಿತ್ತು. ಅದು ಗ್ರೀನಿಷ್ ವಾರ್ಬ್ಲರ್, ಎಂಟು ಗ್ರಾಂ ಆಸುಪಾಸಿನ ಹಕ್ಕಿ. ‘ಯಾವತ್ತಿಂದ ಕೂಗ್ತಿಲ್ಲ?’ ಅಂತ ಮನೆಯವರು ಕೇಳಿದರು. ಅದು ಬಂದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೆ. ಹೋದ ದಿನ ಗೊತ್ತಿರಲಿಲ್ಲ. ಕೊನೆಯ ಸಲ ಕೇಳಿಸಿಕೊಂಡಾಗ ಅದೇ ಕೊನೆ ಅಂತ ನನಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಆ ಪ್ರಶ್ನೆ ನನ್ನ ಹಕ್ಕಿ ನೋಡುವ ರೀತಿಯನ್ನೇ ಬದಲಿಸಿತು. ಈ ಮೂರು ತಿಂಗಳು ನೀವೂ ಅದೇ ರೀತಿ ನೋಡಬೇಕು ಅಂತ ನನ್ನ ಆಸೆ. ಹೇಗೆ ಶುರು ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

1. ಒಂದು ಜಾಗ ಹಿಡಿದುಕೊಳ್ಳಿ

ಮನೆಯಿಂದ ಹತ್ತು ಹದಿನೈದು ನಿಮಿಷದಲ್ಲಿ ನಡೆದು ಹೋಗುವಂಥ ಜಾಗವಿರಲಿ. ಊರ ಕೆರೆ, ಪಾರ್ಕು, ತೋಟದ ಬದು, ಕಾಲೇಜಿನ ಹಿಂದಿನ ಕುರುಚಲು, ಯಾವುದಾದರೂ ಆದೀತು. ವಾರಕ್ಕೊಮ್ಮೆ ತಪ್ಪದೆ ಹೋಗಲು ಆಗಬೇಕು, ಅಷ್ಟೇ. ದೂರದ ಪಕ್ಷಿಧಾಮಕ್ಕೆ ವರ್ಷಕ್ಕೊಂದು ಸಲ ಹೋಗಿ ನೂರು ಜಾತಿ ನೋಡಿ ಬರುವುದು ಖುಷಿಯ ವಿಷಯವೇ. ಹಕ್ಕಿ ಯಾವತ್ತು ಹೊರಟಿತು ಅನ್ನುವುದು ಮಾತ್ರ ಪದೇ ಪದೇ ಹೋಗುವ ಜಾಗದಲ್ಲೇ ತಿಳಿಯುತ್ತದೆ. ನಾನು ಕುಕ್ಕರಹಳ್ಳಿ ಕೆರೆಯ ಒಂದು ಬದಿಯನ್ನು ಮಾತ್ರ ಹಿಡಿದುಕೊಂಡಿದ್ದೇನೆ. ಇಡೀ ಕೆರೆ ಸುತ್ತಿದರೆ ಕಣ್ಣು ಓಡುತ್ತದೆ, ಮನಸ್ಸು ನಿಲ್ಲುವುದಿಲ್ಲ.

2. ಐದೇ ಐದು ಹಕ್ಕಿ ಕಲಿಯಿರಿ

ಹೊಸಬರು ಮೊದಲ ದಿನವೇ ಎಲ್ಲವನ್ನೂ ಗುರುತಿಸಲು ಹೋಗಿ ಸುಸ್ತಾಗುತ್ತಾರೆ. ಬೇಡ. ಕರ್ನಾಟಕದ ಬಯಲುಸೀಮೆಯ ಹೆಚ್ಚಿನ ಊರುಗಳಲ್ಲಿ ಸಿಗುವ, ಗುರುತಿಸಲು ಅಷ್ಟೇನೂ ಕಷ್ಟವಲ್ಲದ ಐದು ಚಳಿಗಾಲದ ಅತಿಥಿಗಳನ್ನು ಹೇಳುತ್ತೇನೆ. ಇವುಗಳ ಬೆನ್ನು ಹತ್ತಿ.

ಬೂದು ಸಿಪಿಲೆ ನೀರಿನ ಅಂಚಿನಲ್ಲಿ ಬಾಲ ಕುಣಿಸುತ್ತಾ ಓಡಾಡುತ್ತದೆ. ಬೆನ್ನು ಬೂದು, ಹೊಟ್ಟೆ ಹಳದಿ, ಬಾಲ ತುಂಬಾ ಉದ್ದ. ಹಾರುವಾಗ ಅಲೆಯಂತೆ ಏರಿ ಇಳಿಯುತ್ತದೆ. ಚರಂಡಿ ನೀರಾದರೂ ಹರಿಯುತ್ತಿದ್ದರೆ ಸಾಕು, ಬಂದುಬಿಡುತ್ತದೆ. ಇದನ್ನು ಹಳದಿ ಸಿಪಿಲೆಯ ಜೊತೆ ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಹಳದಿ ಸಿಪಿಲೆಯ ಬಾಲ ಗಿಡ್ಡ, ಅದಕ್ಕೆ ಹುಲ್ಲುಗಾವಲು, ಗದ್ದೆ ಇಷ್ಟ. ಕಪ್ಪು ಬಿಳುಪಿನ ದೊಡ್ಡ ಸಿಪಿಲೆ ಕಂಡರೆ ಅದು ವರ್ಷವಿಡೀ ಇಲ್ಲೇ ಇರುವ ನಮ್ಮೂರ ಹಕ್ಕಿ, ಪಟ್ಟಿಯಿಂದ ಬಿಟ್ಟುಬಿಡಿ.

ಕವಲುತೋಕೆ ಅಂದರೆ ವಿದ್ಯುತ್ ತಂತಿ ಮೇಲೆ ಸಾಲಾಗಿ ಕೂರುವ ಹಕ್ಕಿ. ಹೊಳೆಯುವ ಕಡುನೀಲಿ ಬೆನ್ನು, ಕೆಂಪು ಕತ್ತು. ಸೊಂಟದ ಮೇಲೂ ಕೆಂಗಂದು ಬಣ್ಣವಿದ್ದರೆ ಅದು ಬೇರೆ ಜಾತಿ, ಅದು ಇಲ್ಲೇ ಗೂಡು ಕಟ್ಟುತ್ತದೆ. ಹಾರಾಡುವ ಹಕ್ಕಿಯಲ್ಲಿ ಇದನ್ನು ನೋಡುವುದು ಕಷ್ಟ. ತಂತಿ ಮೇಲೆ ಕೂತಾಗ ಸಮಾಧಾನವಾಗಿ ನೋಡಿ.

ಕಂದು ಕಳಿಂಗ ಪೊದೆಯ ತುದಿಯಲ್ಲೋ ಬೇಲಿ ಕಂಬದ ಮೇಲೋ ಕೂತಿರುತ್ತದೆ. ಗಾತ್ರ ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಹಾಗೆ ಕಾಣುತ್ತದೆ. ಬೆಳಿಗ್ಗೆ ಸಂಜೆ ಒರಟಾಗಿ ಕಿರುಚುತ್ತದೆ. ಕೊನೆಯ ದಿನ ಹಿಡಿಯುವ ಕೆಲಸಕ್ಕೆ ಇದು ಅತ್ಯುತ್ತಮ ಹಕ್ಕಿ. ಯಾಕೆಂದರೆ ಚಳಿಗಾಲದಲ್ಲೂ ತನ್ನದೇ ಒಂದು ತುಂಡು ಜಾಗ ಕಾಯ್ದುಕೊಂಡು ಅಲ್ಲೇ ಇರುತ್ತದೆ. ಅದೇ ಪೊದೆ, ಅದೇ ಕಂಬ. ಒಂದು ವಾರ ಕಂಬ ಖಾಲಿಯಾಗಿ ಕಂಡರೆ ಅನುಮಾನ ಪಡಬಹುದು.

ಗುಲಾಬಿ ಮೈನಾ ಗುಂಪಿನಲ್ಲಿ ಬರುತ್ತದೆ. ಮೈ ಗುಲಾಬಿ, ತಲೆ, ರೆಕ್ಕೆ, ಬಾಲ ಕಪ್ಪು, ನೆತ್ತಿಯಲ್ಲಿ ಜುಟ್ಟು. ಕರಿತಲೆಯ ಗೊರವಂಕಕ್ಕೂ ಜುಟ್ಟಿದೆ, ಆದರೆ ಅದರ ಎದೆ ಕೇಸರಿ ಛಾಯೆಯದು, ಅದು ಇಲ್ಲಿಯದೇ ಹಕ್ಕಿ. ಗುಲಾಬಿ ಮೈನಾಗಳು ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ, ಪೂರ್ವ ಯುರೋಪಿನಲ್ಲಿ ಮರಿ ಮಾಡುತ್ತವೆ. ಅಲ್ಲಿ ಮಿಡತೆ ಜಾಸ್ತಿಯಾದ ಕಡೆ ಸಾವಿರಾರು ಹಕ್ಕಿ ಒಟ್ಟಿಗೆ ಗೂಡು ಹಾಕುತ್ತವೆ.

ಐದನೆಯದು ನಾನು ಮೊದಲು ಹೇಳಿದ ಗ್ರೀನಿಷ್ ವಾರ್ಬ್ಲರ್. ಉಲಿಯಕ್ಕಿಗಳ ಬಳಗದ್ದು. ಇದನ್ನು ಕಣ್ಣಿಗಿಂತ ಕಿವಿಯಿಂದ ಹಿಡಿಯಬೇಕು. ಎಲೆಗಳ ನಡುವೆ ಎಲೆಯ ಬಣ್ಣದಲ್ಲೇ ಇರುತ್ತದೆ, ಒಂದು ಕ್ಷಣ ಸುಮ್ನೆ ಕೂರುವುದಿಲ್ಲ. ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬು, ರೆಕ್ಕೆಯಲ್ಲಿ ಒಂದು ತೆಳು ಗೆರೆ. ಕತ್ತು ನೋಯುವಷ್ಟು ಮೇಲೆ ನೋಡಿದರೂ ಇಷ್ಟೇ ಕಾಣುವುದು. ಎರಡು ಸ್ವರದ ಆ ಕೂಗು ಒಮ್ಮೆ ಮನಸ್ಸಿಗೆ ಇಳಿದರೆ ಸಾಕು, ಆಮೇಲೆ ಬಸ್ ಸ್ಟಾಪಿನ ಮರದಲ್ಲೂ ಕೇಳಿಸುತ್ತದೆ.

ನಿಮ್ಮದು ಮಲೆನಾಡಾದರೆ ಪಟ್ಟಿಗೆ ನವರಂಗವನ್ನು ಸೇರಿಸಿಕೊಳ್ಳಿ. ಬೆಳಗಿನ ಜಾವ, ಮುಸ್ಸಂಜೆ ಎರಡು ಸ್ವರದಲ್ಲಿ ಸಿಳ್ಳೆ ಹಾಕುತ್ತದೆ. ಇದು ದೇಶ ಬಿಟ್ಟು ಹೋಗುವ ಹಕ್ಕಿಯಲ್ಲ. ಮಧ್ಯ ಭಾರತದ ಕಾಡುಗಳಿಗೆ, ಹಿಮಾಲಯದ ತಪ್ಪಲಿಗೆ ಹೋಗಿ ಮಳೆಗಾಲದಲ್ಲಿ ಮರಿ ಮಾಡುತ್ತದೆ. ಕರಾವಳಿಯವರಿಗೆ ಅಘನಾಶಿನಿಯಂಥ ಅಳಿವೆಗಳ ಕೆಸರಿನಲ್ಲಿ ಓಡಾಡುವ ಪ್ಲೋವರ್ ಎಂಬ ಪುಟ್ಟ ದಡದ ಹಕ್ಕಿಗಳಿವೆ.

3. ದುರ್ಬೀನು, ಬಿಸಿಲು, ಹೊತ್ತು

ದುರ್ಬೀನು ಕೊಳ್ಳುವುದಾದರೆ 8x42 ಅಂತ ಬರೆದಿರುವುದು ಕೊಳ್ಳಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಹತ್ತು ಪಟ್ಟಿನದು ಇನ್ನೂ ಚೆನ್ನಾಗಿರಬಹುದು ಅನ್ನಿಸುತ್ತದೆ. ಆದರೆ ಕೈ ನಡುಕವೂ ಹತ್ತು ಪಟ್ಟಾಗಿ ಕಾಣುತ್ತದೆ, ಎಲೆಗಳ ನಡುವೆ ಹಕ್ಕಿ ಹುಡುಕುವುದು ಕಷ್ಟ.

ತುಂಬಾ ಜನ ದುರ್ಬೀನನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳದೆ ಬಳಸುತ್ತಾರೆ. ಹೀಗೆ ಮಾಡಿ. ಬಲಗಣ್ಣು ಮುಚ್ಚಿ, ದೂರದ ಒಂದು ಬೋರ್ಡನ್ನು ಎಡಗಣ್ಣಿನಿಂದ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರ ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಇನ್ನು ಮುಂದೆ ನಡುವಿನ ಚಕ್ರ ಒಂದೇ ಸಾಕು. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಂಡು ಕನ್ನಡಕದ ಸಮೇತ ನೋಡಿ. ಹಕ್ಕಿ ಕಂಡಾಗ ಅದರಿಂದ ಕಣ್ಣು ಕೀಳದೆ ದುರ್ಬೀನನ್ನು ಕಣ್ಣಿಗೆ ತನ್ನಿ. ತಲೆ ಬಗ್ಗಿಸಿ ದುರ್ಬೀನು ಹುಡುಕಿದರೆ ಹಕ್ಕಿ ಹೋಗಿರುತ್ತದೆ.

ದುರ್ಬೀನು ಇಲ್ಲದಿದ್ದರೂ ಮೇಲಿನ ಐದರಲ್ಲಿ ಮೂರನ್ನಾದರೂ ಗುರುತಿಸಬಹುದು. ಅದಕ್ಕಾಗಿ ಕಾಯುತ್ತಾ ಈ ವರ್ಷ ಬಿಟ್ಟುಕೊಡಬೇಡಿ.

ಮಾರ್ಚ್ ಬಂತೆಂದರೆ ಒಂಬತ್ತು ಗಂಟೆಗೇ ಬಿಸಿಲು ಸುಡುತ್ತದೆ, ಹಕ್ಕಿಗಳು ನೆರಳು ಸೇರುತ್ತವೆ. ಆರೂವರೆಯಿಂದ ಎಂಟು ಒಳ್ಳೆಯ ಹೊತ್ತು. ಕೆರೆಗೆ ಬೆಳಿಗ್ಗೆ ಹೋದರೆ ಪೂರ್ವದ ದಡದಲ್ಲಿ ನಿಲ್ಲಿ, ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಹಕ್ಕಿಯ ಬಣ್ಣ ಕಾಣುತ್ತದೆ. ಸಂಜೆಯಾದರೆ ಪಶ್ಚಿಮದ ದಡ. ಇಷ್ಟು ಗೊತ್ತಿಲ್ಲದೆ ನಾನು ಒಂದು ಇಡೀ ಚಳಿಗಾಲ ಬಾತುಗಳ ಕಪ್ಪು ನೆರಳುಗಳನ್ನೇ ನೋಡಿದ್ದೇನೆ.

4. ‘ಇಲ್ಲ’ ಅಂತ ಬರೆಯಿರಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುವುದಾದರೆ ಇದನ್ನು ಪಾಲಿಸಿ.

ನಾವು ಕಂಡದ್ದನ್ನು ಬರೆಯುತ್ತೇವೆ, ಕಾಣದ್ದನ್ನು ಬರೆಯುವುದಿಲ್ಲ. ಬಂದ ದಿನ ಹಿಡಿಯಲು ಅಷ್ಟು ಸಾಕು, ಯಾಕೆಂದರೆ ಹೊಸದಾಗಿ ಕಂಡದ್ದು ತಾನೇ ಕಣ್ಣಿಗೆ ಬೀಳುತ್ತದೆ. ಹೋದ ದಿನ ಹಿಡಿಯಬೇಕಾದರೆ ಪ್ರತಿ ಸಲವೂ ಐದು ಹಕ್ಕಿಗಳ ಹೆಸರು ಬರೆದು, ಮುಂದೆ ಎಷ್ಟು ಕಂಡವು ಅಂತ ಹಾಕಬೇಕು. ಒಂದೂ ಕಾಣದಿದ್ದರೆ ‘ಇಲ್ಲ’ ಅಂತ ಬರೆಯಬೇಕು. ಎಷ್ಟು ಹೊತ್ತು ನೋಡಿದಿರಿ ಅನ್ನುವುದನ್ನೂ ಸೇರಿಸಿ. ಹತ್ತು ನಿಮಿಷ ನೋಡಿ ‘ಇಲ್ಲ’ ಅನ್ನುವುದಕ್ಕೂ ಒಂದು ಗಂಟೆ ನೋಡಿ ‘ಇಲ್ಲ’ ಅನ್ನುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಪುಟ ಹೀಗಿರಬಹುದು (ಉದಾಹರಣೆಗೆ ಮೂರು ಹಕ್ಕಿ ಮಾತ್ರ ಹಾಕಿದ್ದೇನೆ):

ಮಾರ್ಚ್ 30, 6.30ರಿಂದ 7.30: ಬೂದು ಸಿಪಿಲೆ 2, ಕಂದು ಕಳಿಂಗ 1, ಕವಲುತೋಕೆ ಸುಮಾರು 40
ಏಪ್ರಿಲ್ 6, 6.30ರಿಂದ 7.30: ಬೂದು ಸಿಪಿಲೆ 1, ಕಂದು ಕಳಿಂಗ 1, ಕವಲುತೋಕೆ 12
ಏಪ್ರಿಲ್ 13, 6.30ರಿಂದ 7.30: ಬೂದು ಸಿಪಿಲೆ ಇಲ್ಲ, ಕಂದು ಕಳಿಂಗ 1, ಕವಲುತೋಕೆ 3
ಏಪ್ರಿಲ್ 20, 6.20ರಿಂದ 7.30: ಬೂದು ಸಿಪಿಲೆ ಇಲ್ಲ, ಕಂದು ಕಳಿಂಗ 1, ಕವಲುತೋಕೆ ಇಲ್ಲ

ಇದರಿಂದ ಸಿಪಿಲೆ ಏಪ್ರಿಲ್ 6 ಮತ್ತು 13ರ ನಡುವೆ ಹೊರಟಿರಬೇಕು ಅನ್ನಬಹುದು. ಏಪ್ರಿಲ್‌ನಲ್ಲಿ ವಾರಕ್ಕೆ ಎರಡು ಸಲ ಹೋದರೆ ಆ ನಡುವಿನ ಅಂತರ ಮೂರು ನಾಲ್ಕು ದಿನಕ್ಕೆ ಇಳಿಯುತ್ತದೆ. ಒಂದೇ ‘ಇಲ್ಲ’ವನ್ನು ನಂಬಬೇಡಿ. ಹಕ್ಕಿ ಆ ಬೆಳಿಗ್ಗೆ ಪಕ್ಕದ ಗದ್ದೆಗೆ ಹೋಗಿರಬಹುದು. ಸತತ ಮೂರು ಸಲ ‘ಇಲ್ಲ’ ಬಂದ ಮೇಲೆ ನಾನು ಆ ಹಕ್ಕಿಯ ಹೆಸರಿನ ಮುಂದೆ ಕೊನೆಗೆ ಕಂಡ ತಾರೀಖನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಬರೆಯುವಾಗ ಸ್ವಲ್ಪ ಬೇಜಾರಾಗುತ್ತದೆ, ನಿಜ ಹೇಳಬೇಕೆಂದರೆ.

ಇದು ಬರೀ ಖಾಸಗಿ ಖುಷಿಯಲ್ಲ. ವಲಸೆ ಹಕ್ಕಿಗಳು ಮೊದಲು ಯಾವಾಗ ಕಂಡವು, ಕೊನೆಗೆ ಯಾವಾಗ ಕಂಡವು ಅನ್ನುವುದನ್ನು ಜನರಿಂದಲೇ ಸಂಗ್ರಹಿಸಲು 2007ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಿಂದ ಮೈಗ್ರೆಂಟ್‌ವಾಚ್ ಎಂಬ ಯೋಜನೆ ಶುರುವಾಗಿತ್ತು. ಈಗ ಅದೇ ಕೆಲಸಕ್ಕೆ ಇ-ಬರ್ಡ್ ಇದೆ. ಹವಾಮಾನ ಬದಲಾದಂತೆ ಹಕ್ಕಿಗಳ ವೇಳಾಪಟ್ಟಿ ಬದಲಾಗುತ್ತಿದೆಯೇ ಅಂತ ತಿಳಿಯಲು ಒಂದೇ ಜಾಗದ, ವರ್ಷ ವರ್ಷದ ಇಂಥ ಪುಟಗಳೇ ಬೇಕು.

ಇ-ಬರ್ಡ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ನಡೆಸುವ ಉಚಿತ ಆಪ್. ಪಟ್ಟಿ ಕಳಿಸುವಾಗ ಗುರುತಿಸಿದ ಎಲ್ಲಾ ಹಕ್ಕಿಗಳನ್ನೂ ಹಾಕಿದ್ದೀರಾ ಅಂತ ಒಂದು ಪ್ರಶ್ನೆ ಬರುತ್ತದೆ. ಕಾಗೆ, ಪಾರಿವಾಳ ಸೇರಿಸಿ ಎಲ್ಲವನ್ನೂ ಹಾಕಿ ‘ಹೌದು’ ಅನ್ನಿ. ಆಗ ಪಟ್ಟಿಯಲ್ಲಿ ಇಲ್ಲದ ಹಕ್ಕಿ ನಿಮಗೆ ಅಲ್ಲಿ ಸಿಗಲಿಲ್ಲ ಅಂತ ಲೆಕ್ಕವಾಗುತ್ತದೆ. ಅಂದರೆ ನಿಮ್ಮ ‘ಇಲ್ಲ’ವೂ ದಾಖಲಾಗುತ್ತದೆ. ಅವರದೇ ಇನ್ನೊಂದು ಆಪ್ ಮರ್ಲಿನ್, ಕೂಗು ಕೇಳಿಸಿದರೆ ಯಾವ ಹಕ್ಕಿ ಇರಬಹುದು ಅಂತ ಹೇಳುತ್ತದೆ. ಸಹಾಯಕ್ಕೆ ಚೆನ್ನಾಗಿದೆ. ಆದರೆ ಅದು ಹೇಳಿದ ಹೆಸರನ್ನು ಕಣ್ಣಿನಿಂದಲೋ ಕಿವಿಯಿಂದಲೋ ನೀವೇ ಖಚಿತ ಮಾಡಿಕೊಳ್ಳದೆ ಬರೆಯಬೇಡಿ.

5. ಹೊರಡುವ ತಯಾರಿ ಗಮನಿಸಿ

ಹಗಲು ಉದ್ದವಾಗುತ್ತಾ ಬಂದಂತೆ ಹಕ್ಕಿಯ ಮೈಯೊಳಗೆ ಗಡಿಯಾರ ಬಡಿಯುತ್ತದೆ. ಹಸಿವು ಜಾಸ್ತಿಯಾಗುತ್ತದೆ, ಚರ್ಮದಡಿ ಕೊಬ್ಬು ಸೇರುತ್ತದೆ. ದಾರಿಯ ಬುತ್ತಿ ಅದೇ. ದೂರ ಹಾರುವ ಕೆಲವು ಜಾತಿಗಳಲ್ಲಿ ಮೈತೂಕ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ.

ನಮಗೆ ಕಾಣುವುದು ಬಟ್ಟೆ ಬದಲು. ಚಳಿಗಾಲದಲ್ಲಿ ಮಾಸಿದಂತಿದ್ದ ಗುಲಾಬಿ ಮೈನಾ ಏಪ್ರಿಲ್ ಹೊತ್ತಿಗೆ ಮದುವೆಗೆ ಹೊರಟಂತೆ ಕಾಣುತ್ತದೆ. ಅದಕ್ಕೆ ಹೊಸ ಗರಿ ಬಂದಿರುವುದಿಲ್ಲ. ಗರಿಯ ಮಸುಕು ಅಂಚುಗಳು ಸವೆದು ಒಳಗಿನ ಗುಲಾಬಿ, ಕಪ್ಪು ಹೊರಗೆ ಬರುತ್ತವೆ. ಗಂಡು ಬೂದು ಸಿಪಿಲೆಯ ಬಿಳಿ ಕತ್ತು ಕಪ್ಪಾಗುತ್ತದೆ. ಕವಲುತೋಕೆಯ ಬಾಲದ ಎರಡು ಎಳೆಗಳು ಉದ್ದವಾಗಿರುತ್ತವೆ. ಕರಾವಳಿಯಲ್ಲಿ ಡಿಸೆಂಬರ್‌ನಲ್ಲಿ ಮಣ್ಣಿನ ಬಣ್ಣದಲ್ಲಿದ್ದ ಮರಳು ಪ್ಲೋವರ್‌ಗಳ ಎದೆಯಲ್ಲಿ ಇಟ್ಟಿಗೆಗೆಂಪು ಮೂಡುತ್ತದೆ. ಬರೆಯುವಾಗ ಎಣಿಕೆಯ ಪಕ್ಕ ‘ಕತ್ತು ಕಪ್ಪಾಗುತ್ತಿದೆ’ ಅಂತ ಒಂದು ಮಾತು ಸೇರಿಸಿದರೆ ಮುಂದಿನ ವರ್ಷ ಓದಲು ಎಷ್ಟು ಚೆನ್ನಾಗಿರುತ್ತದೆ!

ಕೆಲವು ಹಕ್ಕಿ ಹೊರಡುವ ಮೊದಲು ಹಾಡು ಶುರು ಮಾಡುತ್ತವೆ. ಆರು ತಿಂಗಳು ‘ಚಿಸ್ವೀ’ ಬಿಟ್ಟು ಬೇರೆ ಮಾತಾಡದ ನಮ್ಮ ವಾರ್ಬ್ಲರ್ ಏಪ್ರಿಲ್‌ನ ಒಂದು ಬೆಳಿಗ್ಗೆ ಉದ್ದಕ್ಕೆ ಹಾಡಿಬಿಡುತ್ತದೆ. ನನ್ನ ಪುಟಗಳಲ್ಲಿ ಆ ಹಾಡು ಕೇಳಿಸಿದ ಮೇಲೆ ಅದು ಜಾಸ್ತಿ ದಿನ ಉಳಿದಿಲ್ಲ.

ಗುಂಪಾಗಿ ಹೊರಡುವುದನ್ನು ನೋಡಬೇಕಾದರೆ ಬಾತುಗಳ ಕಡೆ ಹೋಗಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ಈ ಬಾತುಗಳು ಬೇಗ ಹೊರಡುತ್ತವೆ, ಮಾರ್ಚ್ ಕಳೆದ ಮೇಲೆ ಹೋದರೆ ನೀರಿನ ಮೇಲೆ ಬಾತುಗಳೇ ಇರುವುದಿಲ್ಲ. ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆಯ ಸರೋವರಗಳಿಗೆ ಹೋಗುತ್ತವೆ. ಯಂತ್ರ ಕಟ್ಟಿ ನೋಡಿದಾಗ ಅವು 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿದ್ದ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ನೀವು ಅಂಥ ಪಟ್ಟಿ ಕಂಡರೆ ಬಣ್ಣ, ಅಕ್ಷರ, ಅಂಕಿ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ಇ-ಬರ್ಡ್ ಪಟ್ಟಿಯಲ್ಲಿ ನಮೂದಿಸಿ.

6. ಹೂಬಿಟ್ಟ ಮರದ ಕೆಳಗೆ ಅರ್ಧ ಗಂಟೆ

ನಡೆದು ಸುಸ್ತಾದ ದಿನ ಬೂರುಗ, ಮುತ್ತುಗ, ಹಾಲಿವಾಣ, ಯಾವುದಾದರೂ ಹೂಬಿಟ್ಟ ಮರದ ಹತ್ತಿರ ಕೂತುಬಿಡಿ. ಎಲೆ ಉದುರಿ ಹೂ ಮಾತ್ರ ಇರುವುದರಿಂದ ಹಕ್ಕಿ ಸ್ಪಷ್ಟ ಕಾಣುತ್ತದೆ. ಗುಲಾಬಿ ಮೈನಾ, ಸೂರಕ್ಕಿ, ಪಿಕಳಾರ, ಗಿಳಿ, ಕಾಜಾಣ ಎಲ್ಲಾ ಮಕರಂದಕ್ಕೆ ಬರುತ್ತವೆ. ಮೈನಾಗಳ ಮುಖಕ್ಕೆ ಪರಾಗ ಮೆತ್ತಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಇಲ್ಲಿಂದಲೇ ಶುರು ಮಾಡಿ.

7. ಗೂಡಿನ ಕಾಲ, ದೂರ ನಿಲ್ಲಿ

ಅತಿಥಿಗಳು ಹೊರಡುವಾಗಲೇ ನಮ್ಮೂರ ಹಕ್ಕಿಗಳ ಸಂಸಾರ ಶುರು. ಮಡಿವಾಳ ಹಕ್ಕಿ ಬೆಳಕು ಹರಿಯುವ ಮುಂಚೆ ಟೆರೇಸಿನ ಮೂಲೆಯಲ್ಲಿ ಹಾಡುತ್ತದೆ. ಕೋಗಿಲೆ ಕಾಗೆಯ ಗೂಡು ಹುಡುಕುತ್ತದೆ.

ಇದೇ ಹೊತ್ತಿಗೆ ನಮ್ಮಲ್ಲಿಗೇ ಮರಿ ಮಾಡಲು ಬರುವವೂ ಇವೆ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ಆಸುಪಾಸಿನ ಮಣ್ಣಿನ ದಿಬ್ಬಗಳಲ್ಲಿ ನೀಲಿಬಾಲದ ಕಳ್ಳಿಪೀರಗಳು ಬಿಲ ಕೊರೆದು ಮೊಟ್ಟೆ ಇಡುತ್ತವೆ. ಹತ್ತಿರದ ರಂಗನತಿಟ್ಟು 1940ರಿಂದಲೇ ಪಕ್ಷಿಧಾಮ. ಅಲ್ಲಿ ದೋಣಿಯಿಂದ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬಾಯ್ಕಳಕಗಳ ಗೂಡುಗಳನ್ನು ನೋಡಬಹುದು. ನನಗೆ ಇದಕ್ಕಿಂತ ಇಷ್ಟ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಅವುಗಳನ್ನು ಕಾಣುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ‘ಹೆಜ್ಜಾರ್ಲೆ ಬಳಗ’ದವರು ಸಾಕಿ ಬಿಟ್ಟಿದ್ದಾರೆ. ಹೋದರೆ ಮರದ ಕೆಳಗೆ ಗದ್ದಲ ಮಾಡಬೇಡಿ. ಅದು ಜನ ಬದುಕುವ ಊರು, ಅಂಗಳಕ್ಕೆ ಕಾಲಿಡುವ ಮುಂಚೆ ‘ಬರಬಹುದಾ ಅಕ್ಕಾ’ ಅಂತ ಕೇಳಿ.

ಗೂಡಿನ ಹತ್ತಿರ ಹೋಗಬೇಡಿ. ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದುಕೊಂಡು ಕೂಗುತ್ತಾ ಅಲ್ಲೇ ನಿಂತಿದ್ದರೆ ನೀವು ತುಂಬಾ ಹತ್ತಿರ ಬಂದಿದ್ದೀರಿ ಅಂತ ಅರ್ಥ. ತಕ್ಷಣ ಹಿಂದೆ ಸರಿಯಿರಿ, ಅಲ್ಲಿ ಮರಿ ಹಸಿದಿದೆ. ಫೋಟೋಗಾಗಿ ಎಲೆ, ಕೊಂಬೆ ಸರಿಸಿದರೆ ಮರಿಗೆ ಬಿಸಿಲು ತಾಗುತ್ತದೆ, ಕಾಗೆಗೆ ದಾರಿ ಕಾಣುತ್ತದೆ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದೂ ಬೇಡ. ಗೂಡಿರುವ ಜಾಗವನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಅಪರಾಧ ಅನ್ನುವುದೂ ನೆನಪಿರಲಿ.

ಮನೆಯಲ್ಲಿ ಮಾಡಬಹುದಾದದ್ದು ನೀರಿಡುವುದು. ಅಗಲವಾದ ಮಣ್ಣಿನ ತಟ್ಟೆ, ಎರಡು ಬೆರಳು ಆಳದ ನೀರು, ನಡುವೆ ಕೂರಲು ಒಂದು ಕಲ್ಲು. ನೆರಳಿನಲ್ಲಿ, ಬೆಕ್ಕು ಹಾರಿ ಬರಲಾಗದ ಕಡೆ ಇಡಿ. ದಿನಾ ತೊಳೆದು ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ.

8. ಮೇ ಮುಗಿದ ಮೇಲೆ

ಮೇ ಎರಡನೆಯ ವಾರದವರೆಗೂ ‘ಇಲ್ಲ’ ಬರೆಯುವುದನ್ನು ಬಿಡಬೇಡಿ. ತಡವಾಗಿ ಹೊರಡುವ ಒಂದೆರಡು ಹಕ್ಕಿ ಇದ್ದೇ ಇರುತ್ತವೆ, ಕಂದು ಕಳಿಂಗ ನನಗೆ ಎರಡು ಸಲ ಹಾಗೆ ಸಿಕ್ಕಿದೆ. ಆಮೇಲೆ ಪುಸ್ತಕದ ಕೊನೆಯ ಹಾಳೆಯಲ್ಲಿ ಐದು ಹೆಸರು, ಐದು ತಾರೀಖು ಬರೆದು, ಪಕ್ಕದಲ್ಲಿ ಮುಂದಿನ ವರ್ಷಕ್ಕೆ ಒಂದು ಖಾಲಿ ಕಾಲಂ ಎಳೆಯಿರಿ. ಪುಸ್ತಕವನ್ನು ಮೇಲಿನ ಅಟ್ಟಕ್ಕೆ ಹಾಕಬೇಡಿ, ಕೈಗೆ ಸಿಗುವ ಕಡೆ ಇಡಿ. ಬೂದು ಸಿಪಿಲೆ ಬೇಗ ಬರುವ ಹಕ್ಕಿ. ಆಗಸ್ಟ್ ಕೊನೆಯ ವಾರದಿಂದ ಅದೇ ನೀರಿನ ಅಂಚಿಗೆ ಹೋಗಿ ಮತ್ತೆ ‘ಇಲ್ಲ, ಇಲ್ಲ’ ಅಂತ ಬರೆಯಲು ಶುರು ಮಾಡಿ.